ಕಾಂಬ

ರಾತ್ರಿ ಹತ್ತೂವರೆ ದಾಟಿದ ಮೇಲೆ ನನ್ನ ಫೋನು ಒಮ್ಮೆ ಗುಂಯ್ ಅಂದರೆ ಹೆಂಡತಿ ಕಣ್ಣು ಬಿಡದೆಯೇ ಕೇಳುತ್ತಾಳೆ: “ಎಂತ, ಶನಿವಾರ ಆಡ್ವನಾ ಅಂಬ್ರಾ?” ಹೌದು, ಅದೇ. ಆ ಹೊತ್ತಿಗೆ ಬೇರೇನೂ ಬರುವುದಿಲ್ಲ. ಐದು ಜನರ ವಾಟ್ಸಾಪ್ ಗುಂಪು ನಮ್ಮದು, 2020ರ ಲಾಕ್‌ಡೌನಿನಲ್ಲಿ ಹುಟ್ಟಿದ್ದು. ಅದರಲ್ಲಿ ಇಷ್ಟರವರೆಗೆ ಬಿದ್ದ ಸಂದೇಶಗಳನ್ನೆಲ್ಲ ಜರಡಿ ಹಿಡಿದರೆ ‘ಶನಿವಾರ ಆಡ್ವನಾ?’ ಒಂದು ಪಾಲು, ‘ಕಾಂಬ’ ಮೂರು ಪಾಲು ಸಿಕ್ಕೀತು.

ಘಟ್ಟದ ಮೇಲಿನವರಿಗಾಗಿ ಹೇಳಬೇಕು: ಕಾಂಬ ಅಂದರೆ ನೋಡೋಣ. ಅರ್ಥ ಅಷ್ಟೇ, ತೂಕ ಬೇರೆ. ‘ನೋಡೋಣ’ ಅಂದವನು ಒಂದುವೇಳೆ ಬಂದರೂ ಬಂದಾನು. ‘ಕಾಂಬ’ ಅಂದವನು ಬರುವುದಿಲ್ಲ. ಬರುವುದಿಲ್ಲ ಎಂದು ಬಾಯಿಬಿಟ್ಟರೆ ಎದುರಿನವನಿಗೆ ಬೇಜಾರು, ಬರುತ್ತೇನೆ ಎಂದರೆ ಹಸಿ ಸುಳ್ಳು. ಎರಡನ್ನೂ ಹೇಳದೆ ತಪ್ಪಿಸಿಕೊಳ್ಳಲು ನಮ್ಮ ಹಿರಿಯರು ಎರಡಕ್ಷರದ ಒಂದು ಕಂಡಿ ಬಿಟ್ಟು ಹೋಗಿದ್ದಾರೆ. ಮದುವೆ ಪ್ರಸ್ತಾಪದಿಂದ ಹಿಡಿದು ಸಾಲದ ಬೇಡಿಕೆಯವರೆಗೆ ಎಲ್ಲವೂ ಆ ಕಂಡಿಯಲ್ಲಿ ನುಸುಳಿ ಹೋಗುತ್ತದೆ. ನಮ್ಮ ಆಟದ ಯೋಜನೆಗಳೂ ಹಾಗೇ.

ಐವರಲ್ಲಿ ಊರಿನಲ್ಲಿ ಉಳಿದವ ನಾನೊಬ್ಬ. ಕೋಟೇಶ್ವರ ದಾಟಿ ಕುಂಭಾಶಿ ಕಡೆಗೆ ಹೋಗುವಾಗ ಹೆದ್ದಾರಿಯ ಪಡುದಿಕ್ಕಿಗೆ ಇಳಿದರೆ ಬೀಜಾಡಿ. ಇನ್ನೂ ಇಳಿದರೆ ಕಡಲು. ಕುಂದಾಪುರದಲ್ಲಿ ಕೆಲಸ, ಸಂಜೆ ಆರೂವರೆಗೆ ಮನೆ. ಉಳಿದವರ ಹೆಸರು ಹೇಳಿದರೆ ಜಗಳಕ್ಕೆ ಬಂದಾರು, ನಾವು ಕರೆಯುವ ಹಾಗೆಯೇ ಹೇಳುತ್ತೇನೆ. ಒಬ್ಬ ಬೆಂಗಳೂರಿನವ, ಸಾಫ್ಟ್‌ವೇರು. ಒಬ್ಬ ದುಬೈಯವ, ಸೂಪರ್ ಮಾರ್ಕೆಟ್ಟಿನಲ್ಲಿ ಲೆಕ್ಕ ಬರೆಯುತ್ತಾನೆ. ಒಬ್ಬ ಬೋಟಿನವ, ಗಂಗೊಳ್ಳಿ ಬಂದರಿನಿಂದ ಮೀನುಗಾರಿಕೆಗೆ ಹೋಗುತ್ತಾನೆ. ಐದನೆಯವ ಮಾಷ್ಟ್ರು, ಬೈಂದೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ, ರಜೆಯಲ್ಲಿ ತಾಳಮದ್ದಲೆಯ ಅರ್ಥ. ನಮ್ಮ ವಯಸ್ಸಿನವನೇ ಆದರೂ ಅವನನ್ನು ಯಾರೂ ‘ಮಾರಾಯಾ’ ಅನ್ನುವುದಿಲ್ಲ, ‘ಹ್ವಾಯ್ ಮಾಷ್ಟ್ರೇ’ ಅನ್ನುತ್ತೇವೆ. ಅರ್ಧ ಗೌರವ, ಅರ್ಧ ಕೀಟಲೆ.

ಈ ಐವರಿಗೆ ಒಂದೇ ಹೊತ್ತು ಹೊಂದಿಸುವುದಿದೆಯಲ್ಲ, ಅದು ಪಂಚಾಂಗದವರಿಗೂ ಆಗದ ಕೆಲಸ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. 2022ರ ಜನವರಿಯಲ್ಲಿ ಅಲ್ಲಿಯ ಸರ್ಕಾರ ವಾರದ ರಜೆಯನ್ನು ಶುಕ್ರ-ಶನಿಯಿಂದ ಶನಿ-ಆದಿತ್ಯಕ್ಕೆ ತಂದಾಗ ಬೆಂಗಳೂರಿನವ ಗುಂಪಿನಲ್ಲಿ ಪಟಾಕಿ ಹಾರಿಸಿದ. ದುಬೈಯವ ಉತ್ತರಿಸಿದ: “ರಜೆ ಆಫೀಸಿಗೆ ಮಾರಾಯಾ, ಅಂಗಡಿಗಲ್ಲ. ರಜೆ ದಿನವೇ ನಂಗ್ ಲೆಕ್ಕ ಜಾಸ್ತಿ.” ಬೋಟಿನವನ ಕಥೆ ಇನ್ನೊಂದು. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕಡಲಿಗೆ ಇಳಿಯುವ ಹಾಗಿಲ್ಲ. “ನಂಗ್ ಆ ಎರಡ್ ತಿಂಗ್ಳ್ ಯಾವತ್ತೂ ಆತ್ತ್” ಅನ್ನುತ್ತಾನೆ. ಆ ಎರಡು ತಿಂಗಳು ಮಾಷ್ಟ್ರಿಗೆ ಶಾಲೆ ಸುರುವಾಗಿ ಉಸಿರು ಬಿಡಲು ಪುರುಸೊತ್ತಿಲ್ಲ. ಮಾಷ್ಟ್ರಿಗೆ ಪುರುಸೊತ್ತಾಗುವ ಏಪ್ರಿಲಿನಲ್ಲಿ ಬೋಟಿನವ ನೀರಿನ ಮೇಲೆ.

ಇದರ ಮೇಲೆ ಇನ್ನೊಂದು ಶನಿ. ನಾವು ಐದು ಜನ, ಲೋಕದ ಆಟಗಳೆಲ್ಲ ಎರಡು ಜನಕ್ಕೆ ಇಲ್ಲವೇ ನಾಲ್ಕು ಜನಕ್ಕೆ. ಕೇರಂ ನಾಲ್ಕು. ಚೌಕಾಬಾರ ನಾಲ್ಕು. ಪಬ್ಜಿಯ ತಂಡವೂ ನಾಲ್ಕೇ. ಪಾಂಡವರು ಐದು ಜನ ಇದ್ದೂ ಆಡಲು ಕೂತದ್ದು ಒಬ್ಬ, ಉಳಿದ ನಾಲ್ವರು ಪಣ. ಹಾಗಾಗಿ ಯಾವ ಯೋಜನೆ ಹಾಕಿದರೂ ಹೊರಗೆ ಉಳಿಯುವ ಒಬ್ಬನ ಮನಸ್ಸು ನೋಯಿಸಬಾರದೆಂದು ಮೊದಲೇ ಮೂವರು ‘ಕಾಂಬ’ ಅಂದುಬಿಡುತ್ತಾರೆ.

ಮನೆಯಲ್ಲಿ ಈ ಮಾತಿಗೆ ಬೇರೆಯೇ ಗೊಂದಲ. ನಮ್ಮ ಕಡೆ ಆಟ ಅಂದರೆ ಯಕ್ಷಗಾನ. ‘ಇವತ್ ಎಲ್ಲಿ ಆಟ?’ ಎಂದು ಯಾರಾದರೂ ಕೇಳಿದರೆ ಮೇಳದ ಹೆಸರು, ಗದ್ದೆಯ ಹೆಸರು ಹೇಳಬೇಕು, ಕ್ರಿಕೆಟ್ಟಿನ ಸ್ಕೋರು ಹೇಳಬಾರದು. ಒಂದು ಮಳೆಗಾಲದಲ್ಲಿ ಫೋನಿಗೆ “ಶನಿವಾರ ರಾತ್ರಿ ಆಟ ಗ್ಯಾರಂಟಿಯಾ?” ಎಂದು ಕೂಗಿ ಕೇಳುತ್ತಿದ್ದೆ. ಒಳಗಿನಿಂದ ಅಮ್ಮ ಹೊರಗೆ ಬಂದಳು: “ಯಾವ ಮೇಳ ಮಗಾ? ಪತ್ತನಾಜೆ ಕಳ್ದಿತಲೆ?” ಮೇಳಗಳು ಗೆಜ್ಜೆ ಬಿಚ್ಚಿಟ್ಟು ತಿಂಗಳಾದ ಮೇಲೆ ಮಗ ಯಾವ ಆಟಕ್ಕೆ ಹೊರಟ ಎಂಬ ಚಿಂತೆ ಆಕೆಗೆ. ಮೊಬೈಲಿನಲ್ಲಿ ಬಂದೂಕು ಹಿಡಿದು ಓಡುವ ಆಟ ಎಂದು ವಿವರಿಸಿದೆ. “ಅದಾ” ಅಂದಳು. ಆ ‘ಅದಾ’ದಲ್ಲಿ ಇದ್ದ ತಾತ್ಸಾರವನ್ನು ನಾನು ಬರೆದು ಕಾಣಿಸಲಾರೆ.

ಅಮ್ಮನ ತಾತ್ಸಾರಕ್ಕೆ ಹಿನ್ನೆಲೆ ಇದೆ. ನಮ್ಮ ಮನೆಗೆ ಟೀವಿ ಗೇಮು ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ, ಮುಂಬಯಿಯಲ್ಲಿ ಹೋಟೆಲು ಮಾಡಿಕೊಂಡಿದ್ದ ಮಾವನ ಕೈಚೀಲದಲ್ಲಿ. ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ ಒಂಬತ್ತರ ಸಾಲು ಉದ್ದಕ್ಕೆ ಬರೆದು ಅಷ್ಟು ಲಕ್ಷ ಗೇಮು ಇದೆ ಎಂದು ಬೊಗಳೆ. ಒಳಗಿದ್ದದ್ದು ಹತ್ತೋ ಹನ್ನೆರಡೋ. ಉಳಿದವೆಲ್ಲ ಅವೇ, ಬಣ್ಣ ಬದಲಾಯಿಸಿ ಮತ್ತೆ ಬರುತ್ತಿದ್ದವು. ಮಾರಿಯೋ ಇತ್ತು, ಟ್ಯಾಂಕು ಇತ್ತು, ಎಲ್ಲಕ್ಕಿಂತ ಮುಖ್ಯವಾಗಿ ಕಾಂಟ್ರಾ ಇತ್ತು. ಅದನ್ನು ಮಾಡಿದ ಜಪಾನಿನ ಕೊನಾಮಿ ಕಂಪೆನಿಗೆ ಬೀಜಾಡಿ ಎಂಬ ಊರು ಇದೆ ಎಂದೇ ಗೊತ್ತಿರಲಾರದು. ನಮಗೂ ಕೊನಾಮಿ ಯಾರು ಎಂದು ಗೊತ್ತಿರಲಿಲ್ಲ. ನಮ್ಮ ಡಬ್ಬಿ ಅಸಲಿಯ ನಕಲು, ನಕಲಿನ ನಕಲು.

ಕಡಲ ಬದಿಯ ಮನೆ. ಉಪ್ಪುಗಾಳಿಗೆ ಕಿಟಕಿಯ ಸರಳೇ ಸಿಪ್ಪೆ ಏಳುತ್ತದೆ, ಕ್ಯಾಸೆಟ್ಟಿನ ತಾಮ್ರದ ಹಲ್ಲು ಯಾವ ಲೆಕ್ಕ? ಹಾಕಿದ ಕೂಡಲೇ ಪರದೆಯ ತುಂಬ ಬೂದುಬಣ್ಣದ ಚೌಕಗಳು. ತೆಗೆದು ಊದುವುದು, ಹಾಕುವುದು, ಮತ್ತೆ ಊದುವುದು. ಊದುವುದರಲ್ಲಿ ಬೋಟಿನವನದ್ದು ಎತ್ತಿದ ಕೈ. ಶಂಖ ಊದುವ ಹಾಗೆ ಕೆನ್ನೆ ಉಬ್ಬಿಸಿ ಊದುತ್ತಿದ್ದ. ಉಗುಳಿನ ಪಸೆಗೆ ಹಲ್ಲುಗಳು ಇನ್ನಷ್ಟು ಹಸಿರು ಹಿಡಿಯುತ್ತಿದ್ದವು ಎಂದು ಈಗ ತಿಳಿದಿದೆ, ಆಗ ಅದೇ ವೈದ್ಯ. ಒಮ್ಮೆ ಅಮ್ಮಮ್ಮ ಈ ಗೋಳು ನೋಡಲಾರದೆ ಸೀಮೆಎಣ್ಣೆಯ ಬಟ್ಟೆಯಲ್ಲಿ ಅದನ್ನು ತಿಕ್ಕಿ ಕೊಟ್ಟರು. ಕ್ಯಾಸೆಟ್ಟು ಒಂದು ವಾರ ಲಕಲಕ ಓಡಿತು. ಕೋಣೆ ಮಾತ್ರ ಸ್ಟವ್ವಿನ ಹಾಗೆ ನಾತ.

ಕಾಂಟ್ರಾದಲ್ಲಿ ಒಬ್ಬನಿಗೆ ಮೂರು ಜೀವ. ಹುಡುಗರು ಐದು, ರಿಮೋಟು ಎರಡು. ಯಾರ ಸರದಿ, ಯಾರಿಗೆಷ್ಟು ಉಳಿದಿದೆ ಎಂಬ ತಕರಾರು ತಪ್ಪಿಸಲು ಅಮ್ಮಮ್ಮನ ಚೆನ್ನೆಮಣೆಯ ಕೆಂಪು ಮಂಜೊಟ್ಟಿ ಕಾಯಿಗಳನ್ನು ತಂದಿದ್ದೆವು. ತಲೆಗೆ ಮೂರು ಕಾಯಿ, ಒಂದು ಸಲ ಸತ್ತರೆ ಒಂದು ಕಾಯಿ ವಾಪಸು ಬುಟ್ಟಿಗೆ. ಜಲಪಾತ ಹತ್ತುವ ಸ್ಟೇಜಿನಲ್ಲಿ ಮಾತ್ರ ಈ ನ್ಯಾಯ ನಿಲ್ಲುತ್ತಿರಲಿಲ್ಲ. ಅಲ್ಲಿ ಒಬ್ಬ ಅವಸರದಲ್ಲಿ ಮೇಲಕ್ಕೆ ಹಾರಿದರೆ ಪರದೆ ಅವನ ಜೊತೆಗೇ ಮೇಲೆ ಏರಿ, ಕೆಳಗೆ ಉಳಿದವ ಸುಮ್ಮನೆ ನಿಂತಲ್ಲೇ ಸಾಯುತ್ತಾನೆ. ಬೆಂಗಳೂರಿನವ ಆಗಲೇ ಮೇಲೆ ಹಾರುವವನು. ಬೋಟಿನವ ಕೆಳಗೆ ಉಳಿಯುವವನು. “ಸತ್ತೆ! ಇಂವ ನನ್ನ ಕೊಂದ!” ಎಂದು ಬೊಬ್ಬೆ ಹೊಡೆದರೆ ಚಾವಡಿಯಿಂದ ಅಮ್ಮಮ್ಮನ ದನಿ: “ದೀಪ ಹಚ್ಚು ಹೊತ್ತಿಗೆ ಸತ್ತೆ ಸತ್ತೆ ಅಂಬ್ದಾ ಮಕ್ಳೆ? ಬೇರೆ ಮಾತಿಲ್ಯಾ ನಿಮ್ಗೆ?” ಬೇರೆ ಮಾತು ಹುಡುಕಿದೆವು. ಅಂದಿನಿಂದ ಇಂದಿನವರೆಗೂ ನಮ್ಮ ಗುಂಪಿನಲ್ಲಿ ಯಾರೂ ಸಾಯುವುದಿಲ್ಲ, ‘ಕಾಯಿ ಕೊಟ್ಟೆ’ ಅನ್ನುತ್ತೇವೆ. ಪಬ್ಜಿಯಲ್ಲಿ ನಡುಗದ್ದೆಯಲ್ಲಿ ಗುಂಡು ತಿಂದು ಬಿದ್ದ ಬೆಂಗಳೂರಿನವ “ಕಾಯಿ ಕೊಟ್ಟೆ ಮಾರಾಯಾ” ಅಂದಾಗ ಅವನ ಆಫೀಸಿನ ಗೆಳೆಯನೊಬ್ಬ ಕಾಯಿ ಅಂದರೇನು ಎಂದು ಕೇಳಿದ್ದನಂತೆ. ತೆಂಗಿನಕಾಯಿ ಎಂದು ಹೇಳಿ ಮುಗಿಸಿದನಂತೆ.

ಪಬ್ಜಿಯ ಕಾಲ ನಮ್ಮ ಗುಂಪಿನ ಸುವರ್ಣಯುಗ, ಆದರೆ ಆಯುಸ್ಸು ಐದು ತಿಂಗಳು. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಅದನ್ನೂ ಸೇರಿಸಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಮುಂದಿನ ವರ್ಷ ಅದೇ ಆಟ ಹೆಸರು ಬದಲಾಯಿಸಿ ಬಂತು, 2022ರ ಜುಲೈಯಲ್ಲಿ ಮತ್ತೆ ಹೋಯಿತು, 2023ರಲ್ಲಿ ಮತ್ತೆ ಬಂತು. ಅಷ್ಟರಲ್ಲಿ ನಮಗೆ ಬೆರಳಿನ ವೇಗ ಹೋಗಿ ಓದುವ ಕನ್ನಡಕ ಬಂದಿತ್ತು. ನೆನಪಿರುವುದು ಒಂದೇ ಚಿತ್ರ. ಬೋಟಿನವ ದಡ ಬಿಡುವ ಹೊತ್ತಿಗೆ ಆಟ ಸುರು ಮಾಡಿದ್ದ. ಬೋಟು ಒಳಗೆ ಹೋದ ಹಾಗೆ ನೆಟ್‌ವರ್ಕು ಕಡಿಯಿತು. ಅವನ ಸಿಪಾಯಿ ಒಂದು ಹುಲ್ಲುಗಾವಲಿನ ನಡುವೆ, ಬೆರ್ಚಪ್ಪನ ಹಾಗೆ ಅಲ್ಲಾಡದೆ ನಿಂತುಬಿಟ್ಟ. ನಾವು ಮೂವರು ಅವನನ್ನು ಬಿಟ್ಟು ಹೋಗಲಾರದೆ ಸುತ್ತ ಕಾವಲು ಕೂತೆವು. ಹತ್ತು ನಿಮಿಷ ಒಂದು ಗುಂಡು ಹಾರಲಿಲ್ಲ. ಮಾತಾಡಿದ್ದು ಪೂರ್ತಿ ಆ ವರ್ಷದ ಬಂಗುಡೆಯ ದರದ ಬಗ್ಗೆ.

ಇಂಥ ಆಟಕ್ಕಿಂತ ಯೋಜನೆ ವಾಸಿ ಎಂದು ನಮಗೆ ಯಾವಾಗಲೋ ಅನ್ನಿಸಿರಬೇಕು. ಬೆಂಗಳೂರಿನವ ಅಲ್ಲಿಯ ಬೋರ್ಡ್ ಗೇಮ್ ಕೆಫೆಗಳಿಗೆ ಹೋಗಲು ಸುರು ಮಾಡಿದ. ಕಾಪಿಗೆ ಇನ್ನೂರು ರೂಪಾಯಿ ಕೊಟ್ಟು ಗುರುತಿಲ್ಲದವರ ಎದುರು ಕೂತು ರಟ್ಟಿನ ಮೇಲೆ ಊರು ಕಟ್ಟುವುದು. ಅಲ್ಲಿಂದ ಗುಂಪಿಗೆ ಫೋಟೋಗಳ ಮಳೆ. “ಈ ಸಲ ಊರಿಗೆ ಬಪ್ಪತಿಗೆ ತತ್ತೆ. ಎಲ್ಲ ಒಟ್ಟಿಗೆ ಕೂಕಂಡ್ ಆಡ್ವ.” ಕಾಂಬ. ಯಾವ ದಿನ? ಯಾರ ಮನೆ? ಮೀನು ಯಾರು ತರುವುದು? ದುಬೈಯವನಿಗೆ ವಿಡಿಯೋ ಹೇಗೆ? ಕರೆಂಟು ಹೋದರೆ? ವರ್ಷಗಟ್ಟಲೆ ಇದೇ ಚರ್ಚೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1831ರಲ್ಲಿ ಬ್ರಿಟಿಷರು ಆಡಳಿತ ಕಸಿದ ಮೇಲೆ ಎಷ್ಟೊಂದು ಆಟದ ಮಣೆಗಳನ್ನು ರಚಿಸಿದರು, ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ಓಡಿಸುವ ದಾರಿಗಳನ್ನು ಎಷ್ಟು ಬಗೆಯಲ್ಲಿ ಬಿಡಿಸಿದರು! ಅವರ ಶ್ರೀತತ್ತ್ವನಿಧಿ ಗ್ರಂಥದಲ್ಲಿ ಆಟಗಳಿಗೇ ಕೌತುಕನಿಧಿ ಎಂಬ ಒಂದು ಭಾಗ ಇದೆ. ಕೈಯಲ್ಲಿ ರಾಜ್ಯಭಾರ ಇಲ್ಲದವರು ಆಟದಲ್ಲಿ ಅಷ್ಟು ಅಚ್ಚುಕಟ್ಟು ಮಾಡುವುದು ಸಹಜ. ನಮ್ಮ ಕೈಯಲ್ಲಿ ಆಟವೂ ಇರಲಿಲ್ಲ, ಆದ್ದರಿಂದ ಯೋಜನೆಯಲ್ಲಿ ಅಚ್ಚುಕಟ್ಟು.

ಹಿಂದೆ ಈ ರಗಳೆ ಇರಲಿಲ್ಲ. ಆಟಕ್ಕೆ ತಿಂಗಳು ಗೊತ್ತಿತ್ತು. ಆಸಾಡಿ ಬಂತೆಂದರೆ ಚೆನ್ನೆಮಣೆ ಅಟ್ಟದಿಂದ ಇಳಿಯಿತು, ಆಸಾಡಿ ಮುಗಿಯಿತೆಂದರೆ ಹತ್ತಿತು. ನಡುವೆ ಕೇಳಿದರೆ ಅಮ್ಮಮ್ಮ ಕೊಡುತ್ತಿರಲಿಲ್ಲ. ಗದ್ದೆ ನೆಟ್ಟಿ ಮುಗಿದು, ಮಳೆ ಹಿಡಿದುಕೊಂಡು, ಹೊರಗೆ ಕೆಲಸವಿಲ್ಲದೆ, ಒಳಗೆ ಹೆಚ್ಚು ಅಕ್ಕಿಯೂ ಇಲ್ಲದೆ ಕೂತವರ ಆಟ ಅದು. ಬೆಳೆಯುವ ಕಾಲದಲ್ಲಿ ಕೂತು ಆಡಿದರೆ ಕೆಟ್ಟಿತು ಎಂಬ ಭಯವೂ ಇತ್ತು. ಈಗ ಫೋನು ಹನ್ನೆರಡು ತಿಂಗಳೂ ಕೈಯಲ್ಲೇ ಇದೆ. ಯಾವಾಗ ಬೇಕಾದರೂ ಆಡಬಹುದು, ಹಾಗಾಗಿ ಯಾವಾಗಲೂ ಆಗುವುದಿಲ್ಲ. ಈ ಮಾತನ್ನು ಗುಂಪಿನಲ್ಲಿ ಹಾಕಿದ್ದು ಮಾಷ್ಟ್ರು. “ಹಾಗಾದ್ರೆ ಆಸಾಡಿ ಅಮಾಸಿಗೇ ಇಡ್ವ” ಅಂದ. ಆಸಾಡಿ ಅಮಾವಾಸ್ಯೆಯನ್ನು ಕೆಲವು ವರ್ಷಗಳಿಂದ ವಿಶ್ವ ಕುಂದಾಪ್ರ ಕನ್ನಡ ದಿನ ಎಂದು ಆಚರಿಸುತ್ತಿರುವುದರಿಂದ ಬೆಂಗಳೂರಿನವನಿಗೂ ಅದು ಕ್ಯಾಲೆಂಡರಿನಲ್ಲಿ ಸಿಗುವ ದಿನ. 2024ರಲ್ಲಿ ಅದು ಆಗಸ್ಟ್ 4, ಆದಿತ್ಯವಾರ. ಯಾರಿಗೂ ‘ಕಾಂಬ’ ಅನ್ನಲು ನೆಪ ಸಿಗಲಿಲ್ಲ.

ಬಂದರು. ಬೆಂಗಳೂರಿನವ ರಾತ್ರಿ ಬಸ್ಸಿನಲ್ಲಿ, ಬಟ್ಟೆಗಿಂತ ದೊಡ್ಡದೊಂದು ಪೆಟ್ಟಿಗೆಯ ಜೊತೆ. ಮಾಷ್ಟ್ರು ಬೈಕಿನಲ್ಲಿ, ಬರುವ ದಾರಿಯಲ್ಲಿ ಮರವಂತೆಯ ವರಾಹ ದೇವಸ್ಥಾನದ ಅಮಾವಾಸ್ಯೆ ಜಾತ್ರೆಗೆ ಇಣುಕಿ, ಒದ್ದೆ ತಲೆಯಲ್ಲಿ. ಬೋಟಿಗೆ ನಿಷೇಧ ಮುಗಿದು ನಾಲ್ಕು ದಿನವಾಗಿತ್ತು. ಕಡಲು ಇನ್ನೂ ಇಳಿದಿಲ್ಲ ಎಂದು ಬೋಟಿನವ ಮಧ್ಯಾಹ್ನದವರೆಗೆ ಬಲೆಯ ಕೆಲಸ ಮಾಡಿ ಬಂದ. ದುಬೈಯವನನ್ನು ಫೋನಿನ ಒಳಗೇ ಉಪ್ಪಿನಕಾಯಿ ಭರಣಿಗೆ ಒರಗಿಸಿ ಕೂರಿಸಿದೆವು. ಬೆಳಿಗ್ಗೆ ಅಮ್ಮ ಕೊಟ್ಟ ಹಾಲೆಕೆತ್ತೆಯ ಕಷಾಯದ ಕಹಿ ನನ್ನ ನಾಲಗೆಯಲ್ಲಿ ಇನ್ನೂ ಇತ್ತು.

ಮೊದಲು ಪೆಟ್ಟಿಗೆಯಿಂದ ಹೊರಬಂದದ್ದು ಕ್ಯಾಟಾನ್. ಜರ್ಮನಿಯಲ್ಲಿ ಹಲ್ಲು ಕಟ್ಟಿಕೊಡುವ ಕೆಲಸ ಮಾಡುತ್ತಿದ್ದ ಕ್ಲೌಸ್ ಟಾಯ್ಬರ್ ಎಂಬಾತ 1995ರಲ್ಲಿ ತಂದ ಆಟ. ಹತ್ತೊಂಬತ್ತು ಷಟ್ಕೋನದ ಬಿಲ್ಲೆಗಳನ್ನು ಜೋಡಿಸಿದರೆ ಒಂದು ದ್ವೀಪ. ಕಾಡಿನಿಂದ ಮರ, ಗುಡ್ಡದಿಂದ ಇಟ್ಟಿಗೆ, ಹುಲ್ಲಿನಿಂದ ಕುರಿ, ಗದ್ದೆಯಿಂದ ಗೋಧಿ, ಬೆಟ್ಟದಿಂದ ಅದಿರು. ಇದ್ದದ್ದು ಕೊಟ್ಟು ಇಲ್ಲದ್ದು ತೆಗೆದುಕೊಂಡು ದಾರಿ, ಮನೆ, ಪಟ್ಟಣ ಕಟ್ಟುವುದು. ಬೋಟಿನವ ಕುರಿಯ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. “ಎಂತ ಆಟ ಮಾರಾಯಾ ಇದ್? ಬೀಜಾಡಿಯಂಗ್ ಕುರಿ ಕಂಡವ್ರ್ ಯಾರಿದ್ರ್?” ಸರಿ, ಕುರಿಗೆ ಬಂಗುಡೆ ಎಂದು ಹೆಸರಿಟ್ಟೆವು. ಇಟ್ಟಿಗೆ ಹಂಚಾಯಿತು, ಗೋಧಿ ಭತ್ತ. ದಾಳದಲ್ಲಿ ಏಳು ಬಿದ್ದರೆ ಒಬ್ಬ ಕಳ್ಳನನ್ನು ಎತ್ತಿ ಯಾರದಾದರೂ ಬಿಲ್ಲೆಯ ಮೇಲೆ ಕೂರಿಸಬೇಕು. ಅವನು ಕೂತಷ್ಟು ಹೊತ್ತು ಅಲ್ಲಿಂದ ಯಾರಿಗೂ ಏನೂ ಹುಟ್ಟುವುದಿಲ್ಲ. ಬೋಟಿನವ ಕೂಡಲೇ ಹೇಳಿದ: “ಇದ್ ಕಳ್ಳ ಅಲ್ಲ, ಜೂನ್ ಒಂದನೇ ತಾರೀಕ್.” ಎರಡು ದಾಳ ಹಾಕಿದರೆ ಬೀಳುವ ಮೂವತ್ತಾರು ಬಗೆಯಲ್ಲಿ ಆರು ಬಗೆ ಏಳು. ಉಳಿದ ಯಾವ ಸಂಖ್ಯೆಗೂ ಅಷ್ಟು ಪಾಲಿಲ್ಲ. ಅವನ ಬಂಗುಡೆಯ ಬಿಲ್ಲೆಯ ಮೇಲೆ ಆ ಸಂಜೆ ನಿಷೇಧ ಏಳುವುದೇ ಕಾಣಲಿಲ್ಲ. ಒಂದು ಬಂಗುಡೆಗೆ ಎರಡು ಹಂಚು ಕೇಳಿದ. ಯಾರೂ ಕೊಡಲಿಲ್ಲ. ಬಂದರಿನ ಏಲಂನಲ್ಲಿ ದಿನಾ ದರ ಕೂಗುವವನಿಗೆ ನಾಲ್ಕು ಜನರ ಮಾರುಕಟ್ಟೆಯಲ್ಲಿ ಗಿರಾಕಿ ಇಲ್ಲ. ಅರ್ಧಕ್ಕೇ ಎದ್ದು ಚಾ ಕುಡಿಯಲು ಹೋದ.

ಮುಂದಿನದು ಬೆಂಗಳೂರಿನವನ ಮುಖ್ಯ ಸರಕು, ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದದ್ದು. ಒಬ್ಬ ಯಜಮಾನ ಕಥೆ ಹೇಳುತ್ತಾನೆ. ಸುತ್ತ ಕೂತವರು ಒಂದೊಂದು ಪಾತ್ರ, ಪಾತ್ರದ ಮಾತನ್ನು ಸ್ವಂತಕ್ಕೆ ಕಟ್ಟಿ ಆಡಬೇಕು. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಎಲ್ಲ. ಅವನು ಇಷ್ಟು ವಿವರಿಸುವಷ್ಟರಲ್ಲಿ ಮಾಷ್ಟ್ರು ಹೆಗಲಿನ ಬೈರಾಸು ಸರಿಮಾಡಿಕೊಂಡು ನೆಟ್ಟಗೆ ಕೂತ. “ಇದ್ ತಾಳಮದ್ದಲೆ ಅಲ್ದಾ? ನೀನ್ ಭಾಗವತ. ಹೇಳ್, ಪ್ರಸಂಗ ಯಾವುದು?”

ನನಗೆ ಆ ಕ್ಷಣ ಮೈ ಜುಂ ಅಂದದ್ದು ನಿಜ. ನಾವು ಮಳೆಗಾಲದಲ್ಲಿ ದೇವಸ್ಥಾನದ ಚಾವಡಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೇಳುತ್ತಾ ಬಂದದ್ದನ್ನು ಅಮೆರಿಕದವರು ಪೆಟ್ಟಿಗೆಯಲ್ಲಿ ಹಾಕಿ, ಇಪ್ಪತ್ತು ಮುಖದ ದಾಳವೊಂದನ್ನು ಸೇರಿಸಿ ಮಾರುತ್ತಿದ್ದಾರೆ. ಅವರು ನಮ್ಮಿಂದ ಕದ್ದರು ಎಂದು ಹೇಳುತ್ತಿಲ್ಲ. ಅವರದು ಯುದ್ಧದ ಗೊಂಬೆಯಾಟದಿಂದ ಬೆಳೆದದ್ದು. ಕೂತು ಮಾತಾಡುವವರು ಎಲ್ಲ ಕಡೆಯೂ ಇದ್ದಾರೆ ಅಷ್ಟೇ.

ಬೆಂಗಳೂರಿನವನ ಪ್ರಸಂಗದಲ್ಲಿ ಒಂದು ಗುಹೆ, ಗುಹೆಯ ಕೊನೆಗೆ ನಿಧಿ ಕಾಯುವ ಹಾರುವ ಹಾವು. ನಾನು ಕಳ್ಳ, ಬೋಟಿನವ ಮಾಂತ್ರಿಕ, ಭರಣಿಗೆ ಒರಗಿದ ದುಬೈಯವ ವೈದ್ಯ. ಮಾಷ್ಟ್ರು ಯೋಧ, ಹೆಸರು ಕೇಳಿದರೆ “ವಾಲಿ” ಅಂದ. ಗುಹೆಯ ಬಾಯಿಗೆ ಬಂದೆವು. ಯಜಮಾನ ಕದ್ದು ದಾಳ ಹಾಕಿ ನೋಡಿ ಘೋಷಿಸಿದ: ಬಂಡೆಯ ಮರೆಯಿಂದ ಒಬ್ಬ ಬಿಲ್ಲುಗಾರ ಬಾಣ ಬಿಟ್ಟ, ಇಪ್ಪತ್ತು ಬಿದ್ದಿದೆ, ವಾಲಿ ಸತ್ತ.

ಮಾಷ್ಟ್ರು ದಾಳದ ಕಡೆ ನೋಡಲೇ ಇಲ್ಲ. ಒಂದು ಕೈ ನೆಲಕ್ಕೂರಿ, ಇನ್ನೊಂದು ಕೈಯನ್ನು ಎದೆಗೆ ಒತ್ತಿ, ಎದುರಿಗಿಲ್ಲದ ಆ ಬಿಲ್ಲುಗಾರನನ್ನು ಮಾತಾಡಿಸಲು ಸುರು ಮಾಡಿದ. ಮರೆಯಲ್ಲಿ ನಿಂತವನಿಗೆ ಗುರಿ ಇರಬಹುದು, ಮುಖ ಇದೆಯೇ? ನನಗೂ ನಿನಗೂ ಯಾವ ಹಗೆ? ನಾನು ನಿನ್ನ ಊರು ಸುಟ್ಟೆನೇ, ನಿನ್ನ ಗದ್ದೆ ಮೇಯಿಸಿದೆನೇ? ಕೂಲಿಗೆ ಕೊಂದೆ ಎಂದರೆ ಕೂಲಿ ಕ್ಷತ್ರಿಯಧರ್ಮವೋ, ನಿಧಿ ಕಾಯಲು ಕೊಂದೆ ಎಂದರೆ ಆ ನಿಧಿ ನಿನ್ನದೋ ಹಾವಿನದೋ? ದುಬೈಯವ ಅಲ್ಲಿ ಮೇಜಿನ ಮೇಲೆ ಬೆರಳು ಬಡಿದು ಮದ್ದಲೆ ಹಿಡಿದ. ಅಮ್ಮ ಒಳಗಿನ ಕೆಲಸ ಬಿಟ್ಟು ಬಾಗಿಲಿಗೆ ಒರಗಿ ನಿಂತಳು. ಬಿಲ್ಲುಗಾರನ ಪರವಾಗಿ ಯಜಮಾನನೇ ಉತ್ತರಿಸಬೇಕಾಯಿತು. ಕಂಪ್ಯೂಟರಿನ ಮುಂದೆ ಹದಿನೈದು ವರ್ಷ ಕಳೆದ ಆ ಪಾಪದವ “ಅದ್... ರೂಲ್ಸಿನಂಗೆ ಇತ್ತ್” ಅಂದ. ಗಹಗಹ ನಗು. ನಲವತ್ತು ನಿಮಿಷದ ವಾದದ ಮೇಲೆ ಬಿಲ್ಲುಗಾರ ವಾಲಿಯ ಕಾಲಿಗೆ ಬಿದ್ದು ಕ್ಷಮೆ ಕೇಳಿದ. ವಾಲಿ ಕ್ಷಮಿಸಿದ. ಕ್ಷಮಿಸಿ, ಪದ್ಧತಿ ಪ್ರಕಾರ ಸತ್ತ.

“ಗೆದ್ದಿಯಲ್ಲ, ಬದುಕು” ಎಂದು ಯಜಮಾನ ಗೋಗರೆದ. ಮಾಷ್ಟ್ರು ಒಪ್ಪಲಿಲ್ಲ. “ವಾಲಿ ವಾದ ಗೆಲ್ಲೂಕಿದ್ದವ, ಬದ್ಕೂಕಿದ್ದವ ಅಲ್ಲ” ಅಂದ. ತಾಳಮದ್ದಲೆಗೂ ಆ ಪೆಟ್ಟಿಗೆಯ ಆಟಕ್ಕೂ ಇರುವ ವ್ಯತ್ಯಾಸ ನನಗೆ ಕಂಡದ್ದು ಆಗ. ಸಂಧಾನಕ್ಕೆ ಹೋದ ಕೃಷ್ಣ ಎಷ್ಟು ಚಂದ ಮಾತಾಡಿದರೂ ಯುದ್ಧ ಆಗಿಯೇ ಆಗುತ್ತದೆ, ಕೇಳುವವರಿಗೆ ಅದು ಮೊದಲೇ ಗೊತ್ತು. ಕೊನೆ ಕಟ್ಟಿಟ್ಟದ್ದು, ಮಾತು ಮಾತ್ರ ಬಿಡಾಡಿ. ದಾಳದ ಆಟದಲ್ಲಿ ಕೊನೆ ಬಿಡಾಡಿ. ಬೆಂಗಳೂರಿನವ ಬರೆದುಕೊಂಡು ಬಂದ ಹನ್ನೊಂದು ಪುಟದ ಗುಹೆಯೊಳಗೆ ನಾವು ಕಾಲೇ ಇಡಲಿಲ್ಲ. ಹಾರುವ ಹಾವು ಇನ್ನೂ ಅಲ್ಲೇ ಕಾಯುತ್ತಿರಬೇಕು.

ಕತ್ತಲಾಗುವ ಹೊತ್ತಿಗೆ ಅಮ್ಮ ತಾನೇ ಚೆನ್ನೆಮಣೆ ಇಳಿಸಿ ತಂದಳು. ಹಲಸಿನ ಹಲಗೆ, ಎರಡು ಸಾಲು, ಸಾಲಿಗೆ ಏಳು ಮನೆ. ಅಮ್ಮಮ್ಮನ ಬೆರಳು ಆಡಿ ಆಡಿ ಮನೆಗಳ ಒಳಮೈ ಅಕ್ಕಿ ತೊಳೆದ ಪಾತ್ರೆಯ ಹಾಗೆ ನುಣುಪಾಗಿದೆ. ಅಮ್ಮಮ್ಮ ಹಿಡಿಯ ಕಾಯಿಯನ್ನು ಎಣಿಸದೆ, ನೋಡದೆ, ಎದುರು ಕೂತವರ ಜೊತೆ ಬೇರೇನೋ ಮಾತಾಡುತ್ತಾ ಒಂದೊಂದೇ ಉದುರಿಸುತ್ತಿದ್ದರು. ಕೊನೆಯ ಕಾಯಿ ಎಲ್ಲಿ ಬೀಳುತ್ತದೆಂದು ಹಿಡಿಯ ತೂಕದಲ್ಲೇ ಗೊತ್ತು. ಎದುರು ಜನ ಇಲ್ಲದಿದ್ದರೆ ಒಬ್ಬರೇ ಸೀತೆಯಾಟ ಆಡುತ್ತಿದ್ದರು. ಅಮ್ಮ ಮನೆಗೆ ನಾಲ್ಕರಂತೆ ತುಂಬುತ್ತಾ ಬಂದಳು. ಹದಿಮೂರು ಮನೆ ತುಂಬಿತು. ಹದಿನಾಲ್ಕನೆಯದಕ್ಕೆ ಒಂದೇ ಕಾಯಿ. ಐವತ್ತಾರು ಇರಬೇಕಾದಲ್ಲಿ ಐವತ್ತಮೂರು.

“ಮೂರ್ ಕಾಯಿ ಎಲ್ ಹೋಯ್ತ್?”

ಎಲ್ಲರೂ ಬೋಟಿನವನ ಕಡೆ ನೋಡಿದೆವು. ಅವನು ಚಾದ ಲೋಟದೊಳಗೆ ನೋಡಿದ. “ನಂಗ್ ಅವತ್ ಮೂರ್ ಜೀವ ಉಳ್ದಿತ್ತ್. ಕರೆಂಟ್ ಹೋಯಿ ಆಟ ನಿಂತದ್. ಮರುದಿನ ಕೊಡ್ಕ್ ಅಂದೇಳಿ ಕಿಸೆಯಂಗ್ ಹಾಯ್ಕಂಡಿದ್ದೆ.” ಇಪ್ಪತ್ತೆಂಟು ವರ್ಷದ ಮೇಲೆ ತಪ್ಪೊಪ್ಪಿಗೆ. ಕಾಯಿ ಎಲ್ಲಿ ಎಂದರೆ ಗೊತ್ತಿಲ್ಲ.

ಬೆಂಗಳೂರಿನವ ಕ್ಯಾಟಾನಿನ ಮರದ ಪುಟ್ಟ ಮನೆಗಳನ್ನು ಮೂರು ತೆಗೆದುಕೊಟ್ಟ. “ಮನಿ ಒಳ್ಗ್ ಮನಿ ಇಡೂಕಾಗ” ಎಂದು ಅಮ್ಮ ತಳ್ಳಿದಳು. ಕೊನೆಗೆ ಹುಣಸೆ ಬೀಜ ಬಂತು. ಕೆಂಪು ಕಾಯಿಗಳ ನಡುವೆ ಮೂರು ಕಪ್ಪು. ಆಟ ಸುರುವಾಗಿ ಐದು ನಿಮಿಷಕ್ಕೆ ತಕರಾರು ಎದ್ದಿತು. ಕೈ ಬರಿದಾದ ಮೇಲೆ ಮುಂದಿನ ಮನೆ ಖಾಲಿ ಇದ್ದರೆ ಅದರ ಆಚೆಯ ಮನೆಯ ಕಾಯಿ ಸಿಗುತ್ತದೆ, ಸರಿ. ಅದಕ್ಕೆ ಎದುರಿನ ಮನೆಯದೂ ಸೇರಿ ಸಿಗುತ್ತದೆಯೋ ಇಲ್ಲವೋ? ಮಾಷ್ಟ್ರು ಸಿಗುತ್ತದೆ ಅಂದ, ನಾನು ಇಲ್ಲ ಅಂದೆ. ಅಮ್ಮ ಇಲ್ಲವೇ ಇಲ್ಲ ಅಂದಳು. ಬಸ್ರೂರಿನಲ್ಲಿರುವ ಚಿಕ್ಕಮ್ಮನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆವು. ಚಿಕ್ಕಮ್ಮ, “ಹೌದಲೆ, ಎರಡೂ ಸಿಕ್ಕತ್ತ್” ಅಂದಳು.

ಅಲ್ಲಿಗೆ ಮುಗಿಯಿತು. ಅಕ್ಕ-ತಂಗಿ ಚೆನ್ನೆಮಣೆಗೆ ಎದುರುಬದುರು ಕೂರಬಾರದೆಂಬ ಮಾತಿದೆ. ತುಳುನಾಡಿನ ಸಿರಿ ಪಾಡ್ದನದಲ್ಲಿ ಅಬ್ಬಗ-ದಾರಗ ಎಂಬ ಅವಳಿ ಅಕ್ಕತಂಗಿಯರು ಚೆನ್ನೆಯಾಟಕ್ಕೆ ಕೂತು, ಸೋತ ಸಿಟ್ಟಿಗೆ ಒಬ್ಬಳು ಮಣೆಯಿಂದಲೇ ಇನ್ನೊಬ್ಬಳಿಗೆ ಹೊಡೆದು, ಹೊಡೆದವಳು ಬಾವಿಗೆ ಹಾರಿದ ಕಥೆ ಇದೆ. ಅದೇ ಭಯಕ್ಕೆ ಅಮ್ಮ-ಚಿಕ್ಕಮ್ಮ ಜೀವಮಾನದಲ್ಲಿ ಎದುರು ಕೂತು ಆಡಿದವರಲ್ಲ. ಫೋನಿನಲ್ಲಿ ಆಡಬಾರದೆಂದು ಯಾರೂ ಹೇಳಿರಲಿಲ್ಲ. ಅರ್ಧ ಗಂಟೆ ನಿಯಮದಿಂದ ಸುರುವಾಗಿ, ಅಮ್ಮಮ್ಮ ಯಾರಿಗೆ ಸರಿಯಾಗಿ ಕಲಿಸಿದರು, ಯಾರ ಮದುವೆಯಲ್ಲಿ ಯಾರಿಗೆ ಯಾವ ಸೀರೆ ಎಂಬಲ್ಲಿಯವರೆಗೆ ಹೋಯಿತು. ನಡುವೆ ಬೆಂಗಳೂರಿನವ ಫೋನಿನಲ್ಲಿ ಏನನ್ನೋ ಓದಿ ಹೇಳಿದ: ಇದರದ್ದೇ ಬಳಗದ ಆಫ್ರಿಕಾದ ಅವಾರಿ ಎಂಬ ಆಟ, ಹನ್ನೆರಡು ಮನೆ, ನಲವತ್ತೆಂಟು ಕಾಯಿ. 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಇಬ್ಬರು ಸಂಶೋಧಕರು ಅದರಲ್ಲಿ ಬರಬಹುದಾದ ಸುಮಾರು 88,900 ಕೋಟಿ ಸ್ಥಿತಿಗಳನ್ನೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಇಬ್ಬರೂ ತಪ್ಪದೆ ಆಡಿದರೆ ಆಟ ಸಮ ಎಂದು ತೋರಿಸಿದರಂತೆ. ಅಮ್ಮ ಕೇಳಿದಳು: “ಅವ್ರಿಗೆ ತಂಗಿ ಇಲ್ಯಾ?”

ರಾತ್ರಿ ಬಂಗುಡೆ ಸಾರು ಊಟ ಮಾಡಿ ಎಲ್ಲರೂ ಹೊರಟರು. ದಿನವಿಡೀ ಮೂರು ಆಟ ಹಾಕಿದೆವು, ಒಂದೂ ಮುಗಿಯಲಿಲ್ಲ. ಬೆಂಗಳೂರಿನವ ಬಸ್ಸು ಹತ್ತಿ ಕೂತಲ್ಲಿಂದಲೇ ಗುಂಪಿಗೆ ಹಾಕಿದ: “ಮುಂದಿನ ಆಸಾಡಿಗೆ ಪೂರ್ತಿ ಮುಗಿಸ್ವ.” ಮುಂದಿನ ಆಸಾಡಿ ಅಮಾವಾಸ್ಯೆ 2025ರ ಜುಲೈ 24ಕ್ಕೆ ಬಂತು, ಗುರುವಾರ. ಯಾರಿಗೂ ರಜೆ ಇರಲಿಲ್ಲ. ಆ ರಾತ್ರಿ ಹತ್ತೂವರೆಗೆ ಫೋನು ಗುಂಯ್ ಅಂದಿತು, ಹೆಂಡತಿ ಕಣ್ಣು ಬಿಡಲಿಲ್ಲ.

ಮಣೆ ಈಗ ಅಟ್ಟಕ್ಕೆ ಹೋಗಿಲ್ಲ, ಟೀವಿಯ ಪಕ್ಕದಲ್ಲೇ ಇದೆ. ಹುಣಸೆ ಬೀಜಕ್ಕೆ ಹುಳ ಬಿದ್ದು ಅಮ್ಮ ಬಿಸಾಡಿದ್ದಾಳೆ. ಐವತ್ತಮೂರಕ್ಕೆ ಬಂದು ನಿಂತಿದೆ. ಹಿಂದೆ ಅಕ್ಕಸಾಲಿಗರು ಚಿನ್ನ ತೂಗಲು ಇಟ್ಟುಕೊಳ್ಳುತ್ತಿದ್ದ ಕಾಯಿ ಅದು, ಪೇಟೆಯ ಅಂಗಡಿಯಲ್ಲಿ ಕೇಳಿದರೆ ಮುಖ ನೋಡುತ್ತಾರೆ. ಕೋಟೇಶ್ವರ, ಗೋಪಾಡಿ, ಕುಂಭಾಶಿ ಕಡೆ ಯಾರ ಹಿತ್ತಲಿನಲ್ಲಾದರೂ ಮಂಜೊಟ್ಟಿ ಮರ ಇದ್ದರೆ ದಯವಿಟ್ಟು ಮೂರು ಕಾಯಿ ಹೆಕ್ಕಿ ಇಡಿ. ಶನಿವಾರ ಬಂದು ತಕೊಂಡು ಹೋಗುತ್ತೇನೆ.